ಹಿಂದಿನವರಿಗೆ ಕೇಳಸ್ತೈತೇನ್ರೀ?

ಅವನು ತೀರಿಕೊಂಡ ಸುದ್ದಿಯನ್ನು ನನಗೆ ಯಾರೂ ಹೇಳಲಿಲ್ಲ. ಮೈಕ್ ಬೇಕು ಎಂದು ಬಂದರು, ಅಷ್ಟೇ.

ಬೆಳಿಗ್ಗೆ ಅಂಗಡಿ ಶಟರ್ ಎತ್ತಿ, ಧೂಳು ಹೊಡೆದು, ಮೊದಲನೇ ಚಹಾ ಬಾಯಿಗೆ ಇಟ್ಟಿದ್ದೆ. ಇಬ್ಬರು ಕಾರ್ಯಕರ್ತರು ಬಂದು ನಿಂತರು.

"ಚಾಚಾ, ನಾಡಿದ್ದ ಹೈಸ್ಕೂಲ್ ಮೈದಾನಕ್ಕ ಮೈಕ್ ಬೇಕಾಗಿತ್ರಿ."

"ಯಾರದ ಸಭಾ?"

"ಸಾಹೇಬ್ರದ್ರಿ."

"ಹಂಗಾರ ಬ್ಯಾಟ್ರಿ ಹೆಚ್ಚಿಗಿ ತರತೇನಿ. ಅವ ಮೈಕ್ ಹಿಡದಾ ಅಂದ್ರ ಕರೆಂಟ್ ಹೋಗಿ ತಿರುಗಿ ಬಂದ್ರೂ ಬಿಡಂಗಿಲ್ಲ. ನನ್ನ ಹೆಸರ ಹೇಳಿ ತಾಕೀತು ಮಾಡ್ರಿ, ಈ ಸಲಾನಾರ ಸಣ್ಣದಾಗಿ ಮುಗಸಪಾ ಅಂತ."

ಇಬ್ಬರೂ ನಗಲಿಲ್ಲ. ನನ್ನ ಮಾತಿಗೆ ನಗದವರು ಲಕ್ಷ್ಮೇಶ್ವರದಲ್ಲಿ ಬಹಳ ಕಡಿಮೆ. ಒಬ್ಬ ನೆಲ ನೋಡಿದ. ಇನ್ನೊಬ್ಬ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಆಗ ಗೊತ್ತಾಯಿತು. ಚಹಾ ಕಪ್ಪನ್ನು ಕೆಳಗಿಟ್ಟೆ. ಅದು ಅಲ್ಲೇ ಆರಿಹೋಯಿತು.

ನಾನು ಯಾರೆಂದು ಗೊತ್ತಿಲ್ಲದವರಿಗೆ ಒಂದು ಮಾತು. ಗದಗ-ಬೆಟಗೇರಿಯಿಂದ ಹಿಡಿದು ಮುಂಡರಗಿಯ ತನಕ, ನನ್ನ ಮೈಕ್ ಸೆಟ್ಟಿನ ಹಾರ್ನುಗಳ ಕೆಳಗೆ ನಿಂತು ಮಾತಾಡದ ನಾಯಕ ಹುಟ್ಟಿಲ್ಲ. ಹುಟ್ಟಿದ್ದರೂ ಗೆದ್ದಿಲ್ಲ. ಚುನಾವಣೆ ಬಂತೆಂದರೆ ಬೆಳಿಗ್ಗೆ ಒಂದು ಪಕ್ಷದ ಆಟೋದಲ್ಲಿ ಕುಳಿತು ‘ಬಡವರ ಬಂಧು’ ಎಂದು ಕೂಗುತ್ತಿದ್ದೆ. ಮಧ್ಯಾಹ್ನ ಬಾವುಟ ಬದಲಿಸಿ, ಅದೇ ಆಟೋದಲ್ಲಿ, ಅದೇ ಗಂಟಲಿನಿಂದ ಎದುರಾಳಿಯನ್ನೂ ಬಡವರ ಬಂಧು ಮಾಡುತ್ತಿದ್ದೆ. ಯಾರೂ ತಕರಾರು ಮಾಡಲಿಲ್ಲ. ಇಂಥ ಧ್ವನಿ ಬೇರೆ ಎಲ್ಲಿ ಸಿಗಬೇಕು?

ಅವನು ಮತ್ತು ನಾನು ಒಂದೇ ಶಾಲೆ, ಒಂದೇ ಹಲಗೆ. ಅವನ ಊರು ಅಡರಕಟ್ಟಿ. ಅಲ್ಲಿಂದ ನಡೆದು ಬರುತ್ತಿದ್ದ. ಬುತ್ತಿಯಲ್ಲಿ ಶೇಂಗಾಚಟ್ನಿ ತರುತ್ತಿದ್ದ. ಅದನ್ನು ನಾನು ತಿನ್ನುತ್ತಿದ್ದೆ. ಮುಂದೆ ಊರಿಗೆಲ್ಲ ಅವನು ಸಾಹೇಬನಾದರೂ ನನಗೆ ‘ಲೇ’ ಆಗಿಯೇ ಉಳಿದ. ನಾನು ಅವನಿಗೆ ‘ಲೇ ಮೈಕಾ’. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಜೀವಮಾನವಿಡೀ ಬೇರೆಯವರ ಹೆಸರು ಹೇಳುತ್ತ ತಿರುಗಿದವನು. ಅವನ ಹೆಸರಿಗೆ ಸ್ವಲ್ಪ ವಿಶ್ರಾಂತಿ ಇರಲಿ.

ಉತ್ಪ್ರೇಕ್ಷೆ ಎಂದುಕೊಳ್ಳಬೇಡಿ. ಅವನ ಭಾಷಣ ಎಂದರೆ ಮುಕ್ಕಾಲು ಪಾಲು ಹೆಸರುಗಳೇ. ವೇದಿಕೆ ಮೇಲಿನ ಸ್ವಾಮಿಗಳು, ದರ್ಗಾದ ಹಿರಿಯರು, ಅಧ್ಯಕ್ಷರು, ಉಪಾಧ್ಯಕ್ಷರು — ಇವರ ಹೆಸರನ್ನು ಎಲ್ಲರೂ ಹೇಳುತ್ತಾರೆ. ಅವನು ಅಲ್ಲಿಂದ ಕೆಳಗಿಳಿಯುತ್ತಿದ್ದ. ಪೆಂಡಾಲಿನ ಕಂಬ ಹೂಳಿದವನು, ಹಾರ ಕಟ್ಟಿದವಳು, ಕುರ್ಚಿ ಹೊತ್ತವರು, ಚಹಾ ಕುದಿಸುತ್ತಿರುವವನು, ಮೈದಾನದ ಕಸ ಗುಡಿಸಿದ ಅಜ್ಜಿ, ಎಲ್ಲರೂ ಅವರವರ ಹೆಸರಿನೊಂದಿಗೆ ಬರುತ್ತಿದ್ದರು. ಕೊನೆಯಲ್ಲಿ ‘ಮೈಕಿನ ಹಿಂದ ಕುಂತ ನನ್ನ ಪಾಪದ ಗೆಳೆಯ’. ಅಷ್ಟರಲ್ಲಿ ಜನರ ಕಾಲು ಜೋಮು ಹಿಡಿದಿರುತ್ತಿತ್ತು. ಆದರೆ ಒಬ್ಬರೂ ಎದ್ದು ಹೋಗುತ್ತಿರಲಿಲ್ಲ. ಮುಂದಿನ ಹೆಸರು ತನ್ನದೇ ಇರಬಹುದಲ್ಲ!

ಇದಕ್ಕೊಂದು ಕಾರಣವಿತ್ತು. ನನ್ನೊಬ್ಬನಿಗೆ ಗೊತ್ತು, ಆದ್ದರಿಂದ ನಾನೇ ಹೇಳಬೇಕು. ನಾವು ಹೈಸ್ಕೂಲಿನಲ್ಲಿದ್ದಾಗ ಒಂದು ದೊಡ್ಡ ಸಮಾರಂಭ ಆಯಿತು. ಅವನ ಅಪ್ಪ ಬೆಳಗಿನಿಂದ ಚಕ್ಕಡಿಯಲ್ಲಿ ನೀರು ತಂದು ಹಾಕಿದ್ದ. ಕೊನೆಗೆ ಮಾಸ್ತರರು ಎಲ್ಲರಿಗೂ ವಂದನೆ ಹೇಳಿದರು. ಆ ಮನುಷ್ಯ ಎತ್ತಿನ ಹಗ್ಗ ಹಿಡಿದುಕೊಂಡು, ಹಿಂದಿನ ಬೇಲಿಯ ಹತ್ತಿರ, ರುಮಾಲು ಸರಿಮಾಡಿಕೊಂಡು ನಿಂತಿದ್ದ. ಹೆಸರು ಬರಲಿಲ್ಲ. ಚಕ್ಕಡಿ ಹತ್ತಿ ಹೋದ. ನನ್ನ ಪಕ್ಕದಲ್ಲಿದ್ದ ಮಗ ಚಕ್ಕಡಿ ಕಾಣದಾಗುವ ತನಕ ಅದನ್ನೇ ನೋಡಿದ. ಅವತ್ತಿನ ಶೇಂಗಾಚಟ್ನಿಯನ್ನು ನಾನೂ ಮುಟ್ಟಲಿಲ್ಲ.

ಆಮೇಲೆ ಗ್ರಾಮ ಪಂಚಾಯಿತಿ, ತಾಲೂಕು ಪಂಚಾಯಿತಿ ಎಂದು ಮೆಟ್ಟಿಲು ಹತ್ತುತ್ತ ಅವನು ವಿಧಾನಸಭೆಗೆ ನಿಂತ. ಮಾತು ಶುರು ಮಾಡುವ ಮೊದಲು ಬೆರಳಿನ ಗಂಟಿನಿಂದ ಮೈಕನ್ನು ಮೆಲ್ಲಗೆ ತಟ್ಟುತ್ತಿದ್ದ. ಊದುವುದನ್ನು ನಾನೇ ಬಿಡಿಸಿದ್ದೆ, ನನ್ನ ಮೈಕು ತುಕ್ಕು ಹಿಡಿಯಬಾರದಲ್ಲ! ತಟ್ಟಿ, ಕತ್ತು ಎತ್ತಿ, ಕಟ್ಟಕಡೆಯ ಸಾಲಿನ ಕಡೆ ನೋಡಿ ಕೂಗುತ್ತಿದ್ದ: "ಹಿಂದಿನವರಿಗೆ ಕೇಳಸ್ತೈತೇನ್ರೀ?" ಅವರು "ಕೇಳಸ್ತೈತ್ರೀ!" ಎನ್ನುವ ತನಕ ಮುಂದಿನ ಮಾತಿಲ್ಲ. ಮಂತ್ರಿಗಳೇ ಬಂದು ಕುಳಿತಿದ್ದರೂ ಇದು ತಪ್ಪುತ್ತಿರಲಿಲ್ಲ.

ಇಂಥ ಮನುಷ್ಯ ಕೈಗೆ ಸಿಕ್ಕಾಗ ಸುಮ್ಮನಿರಲು ನಾನೇನು ಸಂತನೇ? ಶಿರಹಟ್ಟಿಯ ಸಭೆಗೆ ಮೊದಲೇ ಹೋಗಿ, ಹಿಂದಿನ ಸಾಲುಗಳಿಗೆಲ್ಲ ಬಿಸಿಬಿಸಿ ಮಿರ್ಚಿ ಭಜಿ ತಿನ್ನಿಸಿ, ಏನು ಹೇಳಬೇಕೆಂದು ಕಿವಿಯಲ್ಲಿ ಊದಿ ಬಂದೆ. ಅವನು ಮೈಕ್ ತಟ್ಟಿದ.

"ಹಿಂದಿನವರಿಗೆ ಕೇಳಸ್ತೈತೇನ್ರೀ?"

"ಕೇಳಸವಲ್ದ್ರೀ!"

ಕೇಳಿಸುತ್ತಿಲ್ಲವಂತೆ! ಅವನು ನನ್ನ ಕಡೆ ನೋಡಿದ. ನಾನು ಗಂಭೀರವಾಗಿ ಒಂದು ಗುಂಡಿ ತಿರುಗಿಸಿದೆ, ಯಾವುದಕ್ಕೂ ಸಂಬಂಧವಿಲ್ಲದ ಗುಂಡಿ. ಮತ್ತೆ ಕೂಗಿದ. "ಕೇಳಸವಲ್ದ್ರೀ!" ಪಾಪ, ಕತ್ತಿನ ನರ ಹುರಿಯಾಗುವ ಹಾಗೆ ಕೂಗಿ ಕೂಗಿ ಆ ಸಭೆ ಮುಗಿಸಿದ. ಅವನ ಧ್ವನಿ ಗದಗಿಗೇ ಮುಟ್ಟಿರಬೇಕು. ಇಳಿದು ಬಂದು, ಒಡೆದ ಗಂಟಲಿನಲ್ಲಿ ಕೇಳಿದ:

"ಲೇ ಮೈಕಾ, ಹಿಂದಿನ ಸಾಲಿನ್ಯಾಗ ಎಲ್ಲಾರ ಬಾಯಾಗೂ ಮಿರ್ಚಿ ಇತ್ತಲಾ, ಯಾರ ಕೊಡ್ಸಿದ್ದು?"

"ಅಭಿಮಾನಿಗಳು ಇರಬೇಕು."

"ನನಗೊಂದ ಉಳಿಸೀಯೇನು?"

ಉಳಿಸಿದ್ದೆ. ಸ್ಟೇಜಿನ ಹಿಂದೆ ಕುಳಿತು ತಿಂದ. ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಆ ಚುನಾವಣೆ ಗೆದ್ದ. ಮಿರ್ಚಿಯಿಂದಲೇ ಗೆದ್ದ ಎಂದು ನಾನು ಇವತ್ತಿಗೂ ಹೇಳುತ್ತೇನೆ.

ಬೆಂಗಳೂರಿನಲ್ಲಿ ಅವನಿಗೆ ತೊಂದರೆಯಾಗಲಿಲ್ಲ. ವಿಧಾನಸಭೆ ಎಂದರೆ ಏನೇ ಆದರೂ ನಮ್ಮದೇ ಮಾತು, ನಮ್ಮದೇ ಜನ. ಅವನು ಎದ್ದು ನಿಂತರೆ ಉಳಿದ ಶಾಸಕರು, "ಹಾಜರಿ ಶುರು ಆತು" ಎಂದು ನಗುತ್ತಿದ್ದರಂತೆ. ಎರಡು ಸಲ ಗೆದ್ದು ಹೋದ. ರಸ್ತೆ, ಶಾಲೆಯ ಕೋಣೆ, ಬೆಟಗೇರಿಯ ನೇಕಾರರ ಕರೆಂಟು, ಇಂಥವನ್ನು ಹಿಡಿದು ಜಗ್ಗಿ ತಂದ. ಮಂತ್ರಿ ಆಗಲಿಲ್ಲ. "ಯಾಕಲೇ ಆಗಲಿಲ್ಲ?" ಎಂದು ಕೆಣಕಿದರೆ, "ಮಂತ್ರಿ ಆದ್ರ ಮುಂದಿನ ಸಾಲಿನ್ಯಾಗ ಕುಂಡ್ರಬೇಕಾಕ್ಕೈತಿ, ನನಗ ಒಗ್ಗಂಗಿಲ್ಲ" ಅನ್ನುತ್ತಿದ್ದ.

ಆಮೇಲೆ ಅವನನ್ನು ಲೋಕಸಭೆಗೆ ನಿಲ್ಲಿಸಿದರು. ಲಕ್ಷ್ಮೇಶ್ವರದ ಪ್ರಚಾರ ಸಭೆಯಲ್ಲಿ ಹಿಂದಿನಿಂದ ಒಬ್ಬ ಮುದುಕ ಎದ್ದ. ಊರಿಗೆ ರೈಲು ಬರುತ್ತದೆ ಎಂದು ಚಿಕ್ಕಂದಿನಿಂದ ಕೇಳಿ ಕೇಳಿ ಹಲ್ಲು ಉದುರಿಸಿಕೊಂಡವನು.

"ಸಾಹೇಬ್ರ, ರೈಲು ತರತೀರೋ ಇಲ್ಲೋ? ಅಷ್ಟ ಹೇಳ್ರಿ."

ಬೇರೆ ಯಾವ ಅಭ್ಯರ್ಥಿಯಾಗಿದ್ದರೂ ಅಲ್ಲೇ, ಆ ಕ್ಷಣವೇ ಇಂಜಿನ್ನಿನ ಸೀಟಿ ಊದಿಬಿಡುತ್ತಿದ್ದ. ಇವನು ಮುದುಕನ ಕಡೆ ತಿರುಗಿ ಕೈ ಮುಗಿದ.

"ಯಜಮಾನ್ರ, ತರತೇನಿ ಅಂದ್ರ ಸುಳ್ಳ ಆಕ್ಕೈತಿ. ದಿಲ್ಲಿಯೊಳಗ ಎದ್ದ ನಿಂತು, ನಮ್ಮ ಮಾತಿನ್ಯಾಗ, ನಿಮ್ಮೂರ ಹೆಸರ ತಗೊಂಡು, ರೈಲು ಬೇಕಂತ ಹೇಳತೇನಿ. ಇಷ್ಟ ಮಾತ್ರ ಖರೆ."

"ಇಲ್ಲೀತನಕ ಹೋದವ್ರು ಅಷ್ಟೂ ಮಾಡಿಲ್ಲರೀ" ಎಂದು ಮುದುಕ ಕುಳಿತುಕೊಂಡ.

ಗೆದ್ದ. ದಿಲ್ಲಿಗೆ ಹೋದ. ಅಲ್ಲಿಯ ಕಥೆಯೇ ಬೇರೆ. ಹೊಸಬರಿಗೆ, ಅದೂ ಹಿಂದಿನ ಬೆಂಚಿನವರಿಗೆ, ಮಾತಾಡುವ ಪಾಳಿ ಬರುವುದೇ ಅಪರೂಪ. ಬಂದರೂ ಮೂರು ನಿಮಿಷ. ಮುಗಿಯಿತೋ, ಮೈಕ್ ಬಂದ್. ಕನ್ನಡದಲ್ಲಿ ಮಾತಾಡುವುದಾದರೆ ಮೊದಲೇ ತಿಳಿಸಬೇಕು. ಅವನು ಕಾದ, ಕಾಡಿದ, ಕೊನೆಗೊಂದು ಪಾಳಿ ಸಿಕ್ಕಿತು. ನನಗೆ ಫೋನ್ ಮಾಡಿದ: "ಲೇ, ನಾಳೆ ಟಿವಿ ಹಚ್ಚು. ಆ ಯಜಮಾನ್ರನ್ನ ಕರಕೊಂಡ ಬಂದು ಕುಂಡ್ರಸು."

ಕೂರಿಸಿದೆ. ಅಂಗಡಿ ತುಂಬಿ ಹೊರಗಿನ ಕಟ್ಟೆಯೂ ತುಂಬಿತು. ಅವನು ಎದ್ದು ನಿಂತ. ಬಿಳಿ ಜುಬ್ಬಾ, ಕೊರಳಲ್ಲಿ ಹಸಿರು ಶಾಲು. ಅಭ್ಯಾಸಬಲದಿಂದ ಮುಂದಿದ್ದ ಮೈಕನ್ನು ಗಂಟಿನಿಂದ ತಟ್ಟಿದ. ಶುರು ಮಾಡಿದ:

"ಮಾನ್ಯ ಸಭಾಧ್ಯಕ್ಷರೇ, ಪ್ರಧಾನಮಂತ್ರಿಗಳೇ, ರೈಲ್ವೆ ಸಚಿವರೇ, ಎಡಗಡೆ ಕುಳಿತಿರುವ ಹಿರಿಯರೇ, ಬಲಗಡೆ ಕುಳಿತಿರುವ ಹಿರಿಯರೇ, ನನ್ನ ಮಾತನ್ನು ಬರೆದುಕೊಳ್ಳುತ್ತಿರುವ ಸಹೋದರರೇ, ನನ್ನ ಕನ್ನಡವನ್ನು ಹಿಂದಿ ಮಾಡುತ್ತಿರುವ ತಾಯಿಯವರೇ, ಇಲ್ಲಿ ನೀರು ತಂದುಕೊಡುವ…"

ನಾನು ನೆತ್ತಿ ಬಡಿದುಕೊಂಡೆ. ನೀರು ತಂದುಕೊಡುವವನ ಹೆಸರನ್ನು ಕೂಡ ಕೇಳಿಟ್ಟುಕೊಂಡಿದ್ದ, ಭೂಪ! ದಿಲ್ಲಿಯವರು ಮುಗಿದು, ಬೆಂಗಳೂರಿನವರು ಮುಗಿದು, ಗದಗಿನ ಹಿರಿಯರು ಬಂದರು. ಅಸುಂಡಿ, ಬಿಂಕದಕಟ್ಟಿ ದಾಟಿ ನಮ್ಮೂರ ಹತ್ತಿರ ಬರುತ್ತಿದ್ದ. ಅಷ್ಟರಲ್ಲಿ ಸದ್ದು ನಿಂತಿತು. ಅವನ ಬಾಯಿ ಆಡುತ್ತಲೇ ಇತ್ತು.

ನಾನು ಟಿವಿಯ ತಲೆಗೆ ಎರಡು ಏಟು ಹಾಕಿದೆ.

"ಚಾಚಾ, ದಿಲ್ಲಿಯೊಳಗೂ ಮೈಕ್ ನಿಮ್ಮದ ಏನ್ರಿ?" ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು. ಮುದುಕ ನಗಲಿಲ್ಲ. ಕೋಲು ಊರಿಕೊಂಡು ಎದ್ದು, "ರೈಲಿನ ಮಾತು ಬರಲೇ ಇಲ್ಲಲ್ಲೋ" ಎಂದು ಹೊರಟುಹೋದ.

ಆ ತಮಾಷೆ ಫೋನಿನಿಂದ ಫೋನಿಗೆ ಹಾರಿ ಜಿಲ್ಲೆಯೆಲ್ಲ ಸುತ್ತಿತು. ಅವನು ರಜೆಯಲ್ಲಿ ಬಂದಾಗ ನಾನು ಕೆಣಕಲು ನಾಲ್ಕು ಮಾತು ತಯಾರಿಟ್ಟುಕೊಂಡಿದ್ದೆ. ಮುಖ ನೋಡಿ ನುಂಗಿಕೊಂಡೆ. ನನ್ನ ಜೀವನದಲ್ಲಿ ನುಂಗಿದ ಮಾತುಗಳು ಅವು ಮಾತ್ರ.

ಮತ್ತೆ ಪಾಳಿ ಬರುವ ಹೊತ್ತಿಗೆ ಅವನ ಅವಧಿ ಮುಗಿಯುತ್ತ ಬಂದಿತ್ತು. ಇದು ತಪ್ಪಿದರೆ ಇನ್ನೊಂದಿಲ್ಲ. ಹೆಂಡತಿಯನ್ನು ಕರೆದುಕೊಂಡು ಸೀದಾ ನನ್ನ ಅಂಗಡಿಗೆ ಬಂದ.

"ಲೇ ಮೈಕಾ, ನನಗ ಸಣ್ಣದಾಗಿ ಮಾತಾಡಾಕ ಕಲಸು."

ನೋಡಿ, ಒಬ್ಬ ಸಂಸದ ಮೈಕ್ ಸೆಟ್ಟಿನವನ ಹತ್ತಿರ ಪಾಠಕ್ಕೆ ಬರುವುದು! ಶಟರ್ ಅರ್ಧ ಇಳಿಸಿ, ಒಂದು ಸ್ಪೀಕರ್ ಡಬ್ಬಿಯ ಮೇಲೆ ಅವನನ್ನು ನಿಲ್ಲಿಸಿ, ಮುಂದೆ ಮೈಕ್ ಇಟ್ಟು, ಸ್ವಿಚ್ಚಿನ ಮೇಲೆ ಬೆರಳಿಟ್ಟು ಕುಳಿತೆ.

"ಮಾನ್ಯ ಸಭಾಧ್ಯಕ್ಷರೇ, ಹಿರಿಯರಾದ…"

ಟಕ್. ಬಂದ್ ಮಾಡಿದೆ.

"ಲೇ! ಇನ್ನೂ ಶುರುನ ಮಾಡಿಲ್ಲ!"

"ನೀ ಶುರು ಮಾಡೂದ್ರಾಗ ಅವ್ರು ಊಟಕ್ಕ ಎದ್ದ ಹೋಗತಾರು. ಮತ್ತೊಮ್ಮೆ."

"ಮಾನ್ಯ ಸಭಾಧ್ಯಕ್ಷರೇ, ಎಡಗಡೆ…"

ಟಕ್.

ಪಕ್ಕದಲ್ಲಿ ಕುಳಿತಿದ್ದ ಅವನ ಹೆಂಡತಿ, ನನಗೆ ವೈನಿ, ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. "ಮೈಕ್ ಅಣ್ಣಾರ, ಆ ಸ್ವಿಚ್ ಎಲ್ಲಿ ತಗೊಂಡ್ರಿ? ಮನ್ಯಾಗ ಒಂದ ಕೂಡಿಸಿಕೊಡ್ರಿ ನನಗ."

ಸಂಜೆಯಾಯಿತು. ಅವನು ಬೆವೆತು ಡಬ್ಬಿಯಿಂದ ಇಳಿದು ಕುಳಿತ.

"ಆಗವಲ್ದೋ. ಒಬ್ರ ಹೆಸರೂ ತಗೊಳ್ಳದ ಮಾತಿಗಿ ಹತ್ತಿದ್ರ, ಮಂದಿ ಮನಿಗೆ ಹೋಗಿ ಶರಣು ಅನ್ನಲಾರದ ಊಟಕ್ಕ ಕುಂತಂಗ ಆಕ್ಕೈತಿ. ಮಾತ ಹೊರಡವಲ್ದು."

ಅವನ ಅಪ್ಪನ ಚಕ್ಕಡಿ ನನ್ನ ಕಣ್ಣ ಮುಂದೆ ಬಂತು. ಅವನ ಕಣ್ಣ ಮುಂದೆಯೂ ಅದೇ ಇತ್ತು ಅನ್ನಿಸುತ್ತದೆ. ಸ್ವಿಚ್ಚಿನಿಂದ ಬೆರಳು ತೆಗೆದೆ.

"ಇಲ್ಲಿ ಕೇಳು. ಅಲ್ಲಿ ಕುಂತವರ ಹೆಸರು ಪೇಪರಿನ್ಯಾಗ ಬರತಾವು, ಟಿವಿಯೊಳಗ ಬರತಾವು. ನೀ ಹೇಳ್ಲಿಲ್ಲ ಅಂದ್ರ ಯಾರೂ ಹಗ್ಗಾ ಹಿಡಕೊಂಡು ಹಿಂದ ನಿಂತ ಕಾಯಂಗಿಲ್ಲ. ಆ ದಿಲ್ಲಿ ಸಭಾದಾಗ ಹೆಸರ ಬರಲಾರದ ನಿಂತದ್ದು ನಮ್ಮೂರು ಒಂದ."

ವೈನಿ ಚಹಾ ಮುಂದಿಟ್ಟರು. ಕುಡಿದು, ಮತ್ತೆ ಡಬ್ಬಿ ಹತ್ತಿದ. ಮೈಕ್ ತಟ್ಟಿದ. ಈ ಸಲ ನಾನು ಸ್ವಿಚ್ ಮುಟ್ಟಬೇಕಾಗಲಿಲ್ಲ.

ಆ ದಿನ ಟಿವಿ ಮುಂದೆ ಜನ ಕಡಿಮೆ. ಮುದುಕ ಬರಲು ಒಪ್ಪಲಿಲ್ಲ. ಮಿರ್ಚಿಯ ಆಸೆ ತೋರಿಸಿ ಕರೆತಂದೆ. ಹಲ್ಲಿಲ್ಲದಿದ್ದರೂ ಬಂದ. ದಿಲ್ಲಿಯಲ್ಲಿ ಅವನು ಎದ್ದು ನಿಂತ. ನನ್ನ ಬೆರಳು ತಾನಾಗಿ ಸ್ವಿಚ್ ಹುಡುಕುತ್ತಿತ್ತು.

"ಸಭಾಧ್ಯಕ್ಷರೇ, ಗದಗಿನ ತನಕ ರೈಲು ಐತಿ. ಅಲ್ಲಿಂದ ಲಕ್ಷ್ಮೇಶ್ವರಕ್ಕ ಇಲ್ಲ. ಶಿರಹಟ್ಟಿಗೆ ಇಲ್ಲ. ಮುಂಡರಗಿಗೆ ಇಲ್ಲ. ನಮ್ಮ ಅಡರಕಟ್ಟಿಯ ಮೆಣಸಿನಕಾಯಿ ಲಾರಿಗೆ ಕಾಯತೈತಿ, ನಮ್ಮ ಹೆಣ್ಣುಮಕ್ಕಳು ಕಾಲೇಜಿಗಿ ಹೋಗಾಕ ಬಸ್ಸಿನ ಬಾಗಲದಾಗ ಜೋತಬೀಳತಾರು, ನಮ್ಮ ಬ್ಯಾನಿ ಬಿದ್ದವರು ದವಾಖಾನಿಗೆ ಹೋಗೂದು ಬಾಡಿಗಿ ಗಾಡಿಯೊಳಗ. ನಮ್ಮೂರಾಗ ಒಬ್ಬ ಯಜಮಾನ್ರು ಸಣ್ಣವರಿದ್ದಾಗಿಂದ ರೈಲಿನ ದಾರಿ ನೋಡಾಕ ಹತ್ಯಾರು. ಅವರು ಇನ್ನೂ ಕುಂತಾರು. ನಮಗ ರೈಲು ಬೇಕು. ಇಷ್ಟ ನನ್ನ ಮಾತು."

ಮುಗಿಯಿತು. ಸಮಯ ಉಳಿದಿತ್ತು! ಮೈಕಿನ ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ಅವನಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಇಡೀ ಆಯುಷ್ಯದಲ್ಲಿ ಹೊತ್ತಿಗೆ ಮುಂಚೆ ಮುಗಿಸಿದ್ದೇ ಇಲ್ಲ. ಹಾಗೇ ನಿಂತ. ಆಮೇಲೆ ಕತ್ತು ಎತ್ತಿ, ಆ ದೊಡ್ಡ ಸಭಾಂಗಣದ ಕಟ್ಟಕಡೆಯ ಬೆಂಚುಗಳ ಕಡೆ ತಿರುಗಿ ಕೂಗಿದ:

"ಹಿಂದಿನವರಿಗೆ ಕೇಳಸ್ತೈತೇನ್ರೀ?"

ಅಲ್ಲಿ ಯಾರಿಗೂ ಅರ್ಥವಾಗಲಿಲ್ಲ. ಯಾರೋ ನಕ್ಕರು. ಆದರೆ ಲಕ್ಷ್ಮೇಶ್ವರದ ನನ್ನ ಅಂಗಡಿಯಲ್ಲಿ, ಕೈಯಲ್ಲಿ ಮಿರ್ಚಿ ಹಿಡಿದಿದ್ದ ಮುದುಕ ಎದ್ದು ನಿಂತು, ಟಿವಿಗೆ ಬಾಯಿ ಕೊಟ್ಟು ಕಿರುಚಿದ: "ಕೇಳಸ್ತೈತ್ರೀ ಸಾಹೇಬ್ರ!"

ರೈಲು ಬರಲಿಲ್ಲ. ಮುಂದಿನ ಚುನಾವಣೆಯಲ್ಲಿ ಅವನು ಸೋತ. ಆ ಸಲವೂ ನಾನು ಬೆಳಿಗ್ಗೆ ಅವನ ಆಟೋ, ಮಧ್ಯಾಹ್ನ ಎದುರಾಳಿಯ ಆಟೋ. ಸೋತ ಮೇಲೆ ಬಸ್ಸಿನಲ್ಲಿ ಬಂದಿಳಿದು ಅಂಗಡಿಯ ಕಟ್ಟೆಯ ಮೇಲೆ ಕೂರುತ್ತಿದ್ದ. ಹೋಗುವವರು ಬರುವವರು, "ಸಾಹೇಬ್ರ, ರೈಲು ಎಲ್ಲೀತನಕ ಬಂತ್ರಿ?" ಎಂದು ಕೆಣಕಿದರೆ ಸಿಟ್ಟಾಗುತ್ತಿರಲಿಲ್ಲ. "ನಾ ಹೇಳಿ ಬಂದೇನಿ. ಮುಂದ ಹೋದವರೂ ಹೇಳ್ಲಿ. ಹೇಳೂದು ನಿಲ್ಲಬಾರದು" ಅನ್ನುತ್ತಿದ್ದ. ಹಾಗೆ ಕೆಣಕಿದವನ ಹೆಸರು, ಅವನ ಅಪ್ಪನ ಹೆಸರು, ಎರಡನ್ನೂ ಹೇಳಿ ಮನೆಯವರ ಆರೋಗ್ಯ ವಿಚಾರಿಸುತ್ತಿದ್ದ.

ಈಗ ಹೈಸ್ಕೂಲ್ ಮೈದಾನಕ್ಕೆ ಬರೋಣ. ಶ್ರದ್ಧಾಂಜಲಿ ಸಭೆಗೆ ನನ್ನ ಹೊಸ ಸೆಟ್ ಬಿಟ್ಟು ಹಳೆಯ ಹಾರ್ನುಗಳನ್ನೇ ಕಟ್ಟಿದೆ. ಅವನು ಮೊದಲ ಸಲ ಮಾತಾಡಿದ್ದು ಅವುಗಳಲ್ಲೇ. ಮಾತಾಡುವವರು ಬಹಳ ಜನ ಇದ್ದಾರೆ, ಎಲ್ಲರಿಗೂ ಮೂರೇ ನಿಮಿಷ ಎಂದು ಆಯೋಜಕರು ಹೇಳಿದರು. ಹೇಳಿದ್ದು ಯಾರಿಗೆ? ನನಗೆ. ಸ್ವಿಚ್ ಯಾರ ಕೈಯಲ್ಲಿ? ನನ್ನ ಕೈಯಲ್ಲಿ. ದೊಡ್ಡ ದೊಡ್ಡವರು ಬಂದು, ವೇದಿಕೆ ಮೇಲಿನವರ ಹೆಸರು ಶುರು ಮಾಡಿ, ಅರ್ಧಕ್ಕೆ ಬರುವಷ್ಟರಲ್ಲಿ — ಟಕ್. ಒಬ್ಬರಿಗೂ ಅವನ ಬಗ್ಗೆ ಒಂದು ಮಾತು ಹೇಳಲಾಗಲಿಲ್ಲ. ಮುಂದಿನ ಸಾಲಿನಲ್ಲಿದ್ದ ವೈನಿ ಅಳು ಮರೆತು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದು ಕಂಡಿತು. ಅವನ ಫೋಟೋ ಕೂಡ ನಗುತ್ತಿತ್ತು. ಅದು ಮೊದಲಿಂದಲೂ ನಗುವ ಫೋಟೋನೇ ಅನ್ನಿ.

ಕೊನೆಗೆ ವೈನಿ ಎದ್ದು ನಿಂತರು. "ಮೈಕ್ ಅಣ್ಣಾರ, ನೀವ ಮಾತಾಡ್ರಿ. ನಿಮ್ಮದ್ಯಾರು ಬಂದ್ ಮಾಡತಾರು ನೋಡೂಣು."

ಇಷ್ಟು ವರ್ಷ ಎಲ್ಲರ ಪರವಾಗಿ ಕೂಗಿದವನು ನಾನು. ನನ್ನದೆಂದು ಒಂದು ಮಾತನ್ನೂ ಮೈಕಿನಲ್ಲಿ ಆಡಿರಲಿಲ್ಲ. ಹೋದೆ. ಗಂಟಿನಿಂದ ತಟ್ಟಿದೆ. ಯಾರ ಹೆಸರನ್ನೂ ಹೇಳಲಿಲ್ಲ. ನನ್ನ ಅಂಗಡಿಯ ಡಬ್ಬಿಯ ಮೇಲೆ ನಿಂತು ಅವನು ಕಲಿತ ಆ ಮಾತು ನನಗೂ ಬಾಯಿಪಾಠ ಆಗಿತ್ತು. ಅದನ್ನೇ ಹೇಳಿದೆ. ಗದಗಿನ ತನಕ ರೈಲು ಐತಿ. ಲಕ್ಷ್ಮೇಶ್ವರಕ್ಕ ಇಲ್ಲ. ಶಿರಹಟ್ಟಿಗೆ ಇಲ್ಲ. ಮುಂಡರಗಿಗೆ ಇಲ್ಲ. ಯಜಮಾನ್ರು ಎನ್ನುವಲ್ಲಿ ತಡೆದೆ. ಆ ಮುದುಕನೂ ಹೋಗಿ ಬಹಳ ದಿನವಾಗಿತ್ತು. ಹೇಗೋ ಮುಗಿಸಿ, ಕತ್ತು ಎತ್ತಿ ಕೇಳಿದೆ:

"ಹಿಂದಿನವರಿಗೆ ಕೇಳಸ್ತೈತೇನ್ರೀ?"

ಮೈದಾನದ ಕೊನೆಯಿಂದ, ಬೇಲಿಯ ಹತ್ತಿರದಿಂದ, ಒಟ್ಟಿಗೇ ಬಂತು:

"ಕೇಳಸವಲ್ದ್ರೀ ಚಾಚಾ!"

ಆಣೆ ಮಾಡಿ ಹೇಳುತ್ತೇನೆ, ಈ ಸಲ ನಾನು ಯಾರಿಗೂ ಮಿರ್ಚಿ ತಿನ್ನಿಸಿರಲಿಲ್ಲ.

ರುಮಾಲಿನಿಂದ ಮುಖ ಒರೆಸಿಕೊಂಡೆ. ಗಂಟಲು ಸರಿಮಾಡಿಕೊಂಡೆ. ಸಭಾಧ್ಯಕ್ಷರೇ, ಗದಗಿನ ತನಕ ರೈಲು ಐತಿ, ಎಂದು ಮತ್ತೆ ಮೊದಲಿನಿಂದ, ಕತ್ತಿನ ನರ ಹುರಿಯಾಗುವ ಹಾಗೆ, ಕೂಗಿ ಹೇಳಿದೆ.